ಉರಿ ಎಲ್ಲಿ ಎಂದು ಬಾಯಿಬಿಟ್ಟು ಕೇಳಬೇಕು

ಮ್ಯಾರಥಾನ್ ಮುಗಿಯುವ ಜಾಗದ ಪ್ರಥಮ ಚಿಕಿತ್ಸೆ ಟೆಂಟಿನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಾ ಒಂಬತ್ತು ವರ್ಷವಾಯಿತು. ಮೊದಲ ಸಲ ಹೋದಾಗ ತಲೆಸುತ್ತು, ಮೀನಖಂಡದ ಸೆಳೆತ, ಉಳುಕು, ಇವಕ್ಕೆಲ್ಲ ತಯಾರಾಗಿದ್ದೆ. ಆದರೆ ಆ ದಿನದಲ್ಲಿ ಈಗಲೂ ಕಣ್ಣಮುಂದೆ ಇರುವುದು ಒಬ್ಬರ ಬಿಳಿ ಟೀ ಶರ್ಟ್. ಎದೆಯ ಎರಡೂ ಕಡೆಯಿಂದ ಹೊಟ್ಟೆಯವರೆಗೆ ರಕ್ತ ಇಳಿದು ಎರಡು ಗೆರೆ ಮೂಡಿತ್ತು.

ಅವರು ಕೈ ಕಟ್ಟಿಕೊಂಡು ಅದನ್ನು ಮುಚ್ಚಿಕೊಂಡಿದ್ದರು. "ಸಿಸ್ಟರ್, ಕಾಲು ಹಿಡ್ಕೊಂಡಿದೆ, ಸ್ವಲ್ಪ ಸ್ಪ್ರೇ ಹೊಡೀರಿ" ಅಂದರು. ಎದೆಯ ಬಗ್ಗೆ ಒಂದು ಮಾತೂ ಇಲ್ಲ. ನಾನೇ ಕೈ ಸರಿಸಿ ನೋಡಿದೆ. ಓಡುವಾಗ ಬಟ್ಟೆ ಉಜ್ಜಿ ಉಜ್ಜಿ ಮೊಲೆತೊಟ್ಟಿನ ಮೇಲಿನ ಚರ್ಮ ಪೂರ್ತಿ ಸವೆದು ಹೋಗಿತ್ತು. ಗಡಿಬಿಡಿಯಲ್ಲಿ ಹತ್ತಿಗೆ ಸ್ಪಿರಿಟ್ ಹಾಕಿ ಒತ್ತಿಬಿಟ್ಟೆ. ಆ ಮನುಷ್ಯ ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡರು. ಪಕ್ಕದಲ್ಲಿದ್ದ ಸೀನಿಯರ್ ಸಿಸ್ಟರ್ ನನ್ನ ಕೈ ಹಿಡಿದು, "ಸ್ಪಿರಿಟ್ ಇಡು, ಸಲೈನ್ ತಗೋ. ಇವರ ನಡಿಗೆ ನೋಡಿದ್ಯಾ? ತೊಡೆ ಸಂದೀಲೂ ಆಗಿರತ್ತೆ, ಕೇಳು" ಅಂದರು. ಕೇಳಿದೆ. ಹೌದು, ಅಲ್ಲೂ ಆಗಿತ್ತು. ಕಾಲು ಹಿಡಿದದ್ದಕ್ಕಿಂತ ಜಾಸ್ತಿ ನೋವು ಅಲ್ಲೇ ಇತ್ತು.

ಆವತ್ತಿನಿಂದ ನಾನು ಟೆಂಟಿಗೆ ಬಂದವರ ಮುಖಕ್ಕಿಂತ ಮೊದಲು ನಡಿಗೆ ನೋಡುತ್ತೇನೆ. ಕಾಲು ಅಗಲಿಸಿಕೊಂಡು, ತೋಳನ್ನು ಮೈಗೆ ತಾಗಿಸದೆ ಬಂದರೆ ಚರ್ಮ ಉಜ್ಜಿ ಹೋಗಿದೆ ಎಂದೇ ಲೆಕ್ಕ. "ಬೇರೆ ಏನಾದ್ರೂ ತೊಂದರೆ ಇದ್ಯಾ?" ಎಂದು ಸುಮ್ನೆ ಕೇಳಿದರೆ ಯಾರೂ ಹೇಳುವುದಿಲ್ಲ. "ತೊಡೆ ಸಂದಿ, ಕಂಕುಳು, ಎದೆ, ಬ್ರಾ ಪಟ್ಟಿ ಕೆಳಗೆ, ಸೊಂಟದ ಎಲಾಸ್ಟಿಕ್ ಹತ್ರ ಎಲ್ಲಾದ್ರೂ ಉರೀತಿದ್ಯಾ?" ಎಂದು ಜಾಗದ ಹೆಸರು ಹಿಡಿದೇ ಕೇಳಬೇಕು. ಆಗ ಹೇಳುತ್ತಾರೆ. ಹೇಳಲು ಕಾಯುತ್ತಿದ್ದವರ ಹಾಗೆ ಹೇಳುತ್ತಾರೆ.

ದಪ್ಪ ಇರುವವರಿಗೆ ಮಾತ್ರ ಹೀಗಾಗುತ್ತದೆ ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ಅದಕ್ಕೇ ನಾಚಿಕೆ. ಆದರೆ ತೆಳ್ಳಗಿನವರಿಗೂ ಆಗುತ್ತದೆ, ಪಳಗಿದ ಓಟಗಾರರಿಗೂ ಆಗುತ್ತದೆ. ಲೆಕ್ಕ ಹಾಕಿ ನೋಡಿ. 42.195 ಕಿಲೋಮೀಟರನ್ನು ನಾಲ್ಕು ಗಂಟೆಯಲ್ಲಿ ಓಡಿದರೆ ಹೆಚ್ಚುಕಮ್ಮಿ 40,000 ಹೆಜ್ಜೆ. ಪ್ರತಿ ಹೆಜ್ಜೆಗೂ ಬಟ್ಟೆ ಅದೇ ಜಾಗದಲ್ಲಿ ಒಂದು ಸಲ ಉಜ್ಜುತ್ತದೆ. ಬೆವರಿನಿಂದ ನೆನೆದ ಚರ್ಮ ಮೆತ್ತಗಾಗಿ, ಒಣ ಚರ್ಮಕ್ಕಿಂತ ಹೆಚ್ಚು ಅಂಟಿಕೊಳ್ಳುತ್ತದೆ. ಬೆವರು ಒಣಗಿದರೆ ಉಪ್ಪಿನ ಹರಳು ಉಳಿದು ಮರಳಿನ ಹಾಗೆ ತಿಕ್ಕುತ್ತದೆ. ಹತ್ತಿ ಬಟ್ಟೆ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಉದ್ದ ಓಟಕ್ಕೆ ಅದು ಸರಿಯಲ್ಲ. ಬೇಗ ಒಣಗುವ ಪಾಲಿಯೆಸ್ಟರ್ ಬಟ್ಟೆ ವಾಸಿ. ಹೊಲಿಗೆ ಚಪ್ಪಟೆಯಾಗಿರಬೇಕು. ತೊಡೆಗೆ ತೊಡೆ ತಾಗುವವರು ಮೈಗೆ ಅಂಟುವ ಉದ್ದ ಶಾರ್ಟ್ಸ್ ಹಾಕಿಕೊಂಡರೆ ಚರ್ಮಕ್ಕೆ ಚರ್ಮ ಉಜ್ಜುವುದೇ ತಪ್ಪುತ್ತದೆ.

ಬಿಸಿಲು ಜಾಸ್ತಿ ಇದ್ದ ದಿನ ತಲೆ ಮೇಲೆ ನೀರು ಸುರಿದುಕೊಂಡವರ ತೊಡೆ ಸಂದಿಯೇ ಹೆಚ್ಚು ಹಾಳಾಗಿರುವುದನ್ನು ನೋಡಿದ್ದೇನೆ. ನೀರು ಬೆನ್ನ ಮೇಲಿಂದ ಇಳಿದು ಶಾರ್ಟ್ಸ್ ಒಳಗೆ ಸೇರುತ್ತದೆ, ಆಮೇಲೆ ಓಟ ಮುಗಿಯುವವರೆಗೂ ಒದ್ದೆ ಬಟ್ಟೆ. ಸೆಖೆಗೆ ನೀರು ಬೇಕು ನಿಜ. ಮುಂದಕ್ಕೆ ಬಗ್ಗಿ ತಲೆಗೆ, ಕತ್ತಿಗೆ ಹಾಕಿಕೊಂಡರೆ ಅರ್ಧ ತೊಂದರೆ ಕಡಿಮೆ.

ಓಟಕ್ಕೆ ಮೊದಲು ಪೆಟ್ರೋಲಿಯಂ ಜೆಲ್ಲಿ ಹಚ್ಚಿಕೊಳ್ಳಿ. ಕಂಜೂಸುತನ ಬೇಡ, ಚರ್ಮ ಜಾರುವಷ್ಟು ಹಚ್ಚಿ. ಉದ್ದ ಓಟದಲ್ಲಿ ಅದು ಅಳಿಸಿ ಹೋಗುತ್ತದೆ, ಮಧ್ಯೆ ಮತ್ತೆ ಹಚ್ಚಬೇಕು. ಪೌಡರ್ ನನಗೆ ಇಷ್ಟವಿಲ್ಲ. ಬೆವರಿಗೆ ಸಿಕ್ಕಿ ಉಂಡೆಯಾಗಿ ಅದೇ ತಿಕ್ಕಲು ಶುರು ಮಾಡುತ್ತದೆ. ಮೊಲೆತೊಟ್ಟಿಗೆ ಟೇಪ್ ಹಾಕುವವರು ಚರ್ಮ ಒಣಗಿರುವಾಗಲೇ ಅಂಟಿಸಬೇಕು, ಜೆಲ್ಲಿ ತಾಗಿದ ಮೇಲೆ ಯಾವ ಟೇಪೂ ನಿಲ್ಲುವುದಿಲ್ಲ. ಇನ್ನೊಂದು ಮಾತು, ರೇಸಿನ ದಿನ ಹೊಸ ಬಟ್ಟೆ ಬೇಡವೇ ಬೇಡ. ಅಭ್ಯಾಸದ ಉದ್ದ ಓಟದಲ್ಲಿ ಅದೇ ಬಟ್ಟೆ, ಅದೇ ಬ್ರಾ, ಅದೇ ನೀರಿನ ಬ್ಯಾಗ್ ಹಾಕಿ ಓಡಿ. ಎಲ್ಲಿ ಕೆಂಪಾಗುತ್ತದೋ ಅಲ್ಲಿ ರೇಸಿನ ದಿನವೂ ಆಗುತ್ತದೆ.

ಆಗಿಹೋದ ಮೇಲೆ ಮಾಡುವುದು ಸ್ವಲ್ಪವೇ. ಒದ್ದೆ ಬಟ್ಟೆ ಮೊದಲು ಬಿಚ್ಚಿ. ಉಗುರುಬೆಚ್ಚಗಿನ ನೀರಿನಲ್ಲಿ ಉಪ್ಪು ಹೋಗುವ ಹಾಗೆ ತೊಳೆಯಿರಿ, ಮೆದು ಸೋಪು ಸಾಕು. ಟವೆಲ್ಲಿನಿಂದ ಉಜ್ಜಬೇಡಿ, ಒತ್ತಿ ಒತ್ತಿ ಒಣಗಿಸಿ. ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ. ಚರ್ಮ ಸುಲಿದಿದ್ದರೆ ಗಾಯಕ್ಕೆ ಅಂಟದ ಪಟ್ಟಿ ಹಾಕಿ. ಸಾದಾ ಹತ್ತಿಬಟ್ಟೆ ಕಟ್ಟಿದರೆ ಮಾರನೇ ದಿನ ಬಿಚ್ಚುವಾಗ ಹೊಸ ಚರ್ಮವೂ ಜೊತೆಗೇ ಬರುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬೇಡ. ಉರಿಯುವುದಷ್ಟೇ ಅಲ್ಲ, ಮಾಯುತ್ತಿರುವ ಚರ್ಮಕ್ಕೂ ಅವು ಪೆಟ್ಟು ಕೊಡುತ್ತವೆ. ಗಾಯ ಕೂಡುವವರೆಗೆ ಓಟಕ್ಕೆ ರಜೆ.

ದಿನ ಕಳೆದ ಹಾಗೆ ಕೆಂಪು ಹರಡಿದರೆ, ಬಿಸಿಯಾದರೆ, ಕೀವು ಬಂದರೆ, ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇರುವವರು ಇಷ್ಟೆಲ್ಲ ಕಾಯಲೇಬಾರದು. ತೊಡೆ ಸಂದಿಯಲ್ಲಿ ಉರಿಗಿಂತ ತುರಿಕೆ ಜಾಸ್ತಿ ಇದ್ದು, ಅಂಚು ಬಳೆಯ ಹಾಗೆ ಎದ್ದು ಹರಡುತ್ತಿದ್ದರೆ ಅದು ಹುಳುಕಡ್ಡಿ ಇರಬಹುದು. ಅದಕ್ಕೆ ಮನೆಯಲ್ಲಿ ಉಳಿದ ಸ್ಟೀರಾಯ್ಡ್ ಕ್ರೀಮ್ ಹಚ್ಚಿದರೆ ಮೊದಲು ತಣಿದ ಹಾಗೆ ಕಂಡು ಆಮೇಲೆ ಇನ್ನೂ ಹರಡುತ್ತದೆ.

ಈಗ ನಮ್ಮ ಟೆಂಟಿನಲ್ಲಿ ಒಂದು ಮೂಲೆಗೆ ಪರದೆ ಕಟ್ಟುತ್ತೇವೆ. ಒಳಗೆ ಒಂದು ಸ್ಟೂಲ್, ಜೆಲ್ಲಿ ಡಬ್ಬಿ, ಐಸ್‌ಕ್ರೀಂ ಕಡ್ಡಿಗಳು, ಹಿಡಿ ಇರುವ ಒಂದು ಸಣ್ಣ ಕನ್ನಡಿ. ಒಬ್ಬರ ಕೈ ತಾಗಿದ ಜೆಲ್ಲಿ ಇನ್ನೊಬ್ಬರಿಗೆ ಹೋಗಬಾರದು, ಅದಕ್ಕೆ ಕಡ್ಡಿ. ಕನ್ನಡಿಯ ಯೋಚನೆ ಒಬ್ಬ ಹುಡುಗಿಯಿಂದ ಬಂತು. ಬೆನ್ನಿನಲ್ಲಿ ಬ್ರಾ ಕೊಕ್ಕೆಯ ಕೆಳಗೆ ಎರಡು ಬೆರಳಗಲ ಚರ್ಮ ಎದ್ದು ಹೋಗಿತ್ತು. ಪಾಪ, ಅವಳಿಗೆ ಗೊತ್ತೇ ಇರಲಿಲ್ಲ. "ಸ್ನಾನ ಮಾಡುವಾಗ ಜೋರಾಗಿ ಉರಿಯತ್ತಮ್ಮ, ಮೊದಲೇ ಹೇಳಿರ್ತೀನಿ" ಎಂದು ಪಟ್ಟಿ ಹಾಕಿದೆ. "ತೋರಿಸಿ ಸಿಸ್ಟರ್, ಎಷ್ಟಾಗಿದೆ ನೋಡ್ತೀನಿ" ಅಂದಳು. ತೋರಿಸಲು ಆ ದಿನ ನಮ್ಮ ಹತ್ತಿರ ಕನ್ನಡಿ ಇರಲಿಲ್ಲ.