ಸೊನ್ನೆ ಬರೆಯುವ ಮುಂಚೆ

ದಾವಣಗೆರೆಯ ವಿದ್ಯಾನಗರದಲ್ಲಿ ನನ್ನದೊಂದು ಮಹಡಿ ರೂಮು. ಏಪ್ರಿಲ್ ಬಂದರೆ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತದೆ. ಎದುರಿನ ಸ್ಕ್ರೀನಿನಲ್ಲಿ ಮಾತ್ರ ಅಂಟಾರ್ಕ್ಟಿಕಾದ ಸಮುದ್ರದ ತಳ. ಅಲ್ಲಿನ ನೀರು ಮೈನಸ್ 1.9 ಡಿಗ್ರಿಯವರೆಗೂ ಇಳಿಯುತ್ತದೆ, ಉಪ್ಪು ಇರುವುದರಿಂದ ಹೆಪ್ಪುಗಟ್ಟುವುದಿಲ್ಲ. ನಾನು ಆ ನೀರನ್ನು ಮುಟ್ಟಿಲ್ಲ. ಎಂ.ಎಸ್ಸಿ. ಪ್ರಾಣಿಶಾಸ್ತ್ರ ಮುಗಿಸಿ ಸುಮ್ನೆ ಕೂತಿದ್ದಾಗ ಸಿಕ್ಕ ಗುತ್ತಿಗೆ ಕೆಲಸ ಇದು. ಫೋಟೊ ನೋಡಿ ಎಣಿಸುವುದು, ಅಷ್ಟೇ.

ಹಡಗಿನಿಂದ ಕೇಬಲ್ ಕಟ್ಟಿ ಕ್ಯಾಮೆರಾ ಇಳಿಸುತ್ತಾರೆ. ತಳಕ್ಕೆ ತಾಗದ ಹಾಗೆ ಸುಮಾರು ಒಂದೂವರೆ ಮೀಟರ್ ಮೇಲೆ ಎಳೆದುಕೊಂಡು ಹೋಗುತ್ತಾರೆ. ಆಗಾಗ ಒಂದೊಂದು ಫೋಟೊ. ಅದರಲ್ಲಿ ಸ್ಪಂಜು, ಕಡಲ ಸೌತೆ, ಕಡಲ ಜೇಡ, ಬ್ರಿಟಲ್ ಸ್ಟಾರ್ (ನಕ್ಷತ್ರಮೀನಿನ ನೆಂಟ, ತೋಳು ತೆಳ್ಳಗೆ ಉದ್ದ), ಹೀಗೆ ಬೆನ್ನುಮೂಳೆ ಇಲ್ಲದ ಜೀವಿ ಏನೇ ಕಂಡರೂ ಗುರುತು ಹಾಕಬೇಕು. ಪ್ರತಿ ಫೋಟೊದಲ್ಲೂ ಎರಡು ಲೇಸರ್ ಚುಕ್ಕೆ ಇರುತ್ತವೆ. ಅವುಗಳ ನಡುವಿನ ಅಂತರ ಮೊದಲೇ ಗೊತ್ತು. ಅದನ್ನು ಹಿಡಿದು ಫೋಟೊದಲ್ಲಿ ಎಷ್ಟು ಜಾಗ ಬಂದಿದೆ ಎಂದು ಲೆಕ್ಕ ಹಾಕುತ್ತಾರೆ.

ಮೊದಲ ವಾರ ಕೆಲಸಕ್ಕಿಂತ ನೋಡಿದ್ದೇ ಜಾಸ್ತಿ. ಅಷ್ಟು ಚಳಿಯಲ್ಲಿ ಏನಿರುತ್ತದೆ ಅಂದುಕೊಂಡಿದ್ದೆ. ಕೆಲವು ಫೋಟೊಗಳಲ್ಲಿ ಬ್ರಿಟಲ್ ಸ್ಟಾರ್‌ಗಳು ಸಂತೆಯ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಚಿಪ್ಪು ಒಡೆದು ತಿನ್ನುವ ಏಡಿ, ಶಾರ್ಕ್‌ಗಳು ಆ ತಳದಲ್ಲಿ ಇಲ್ಲವೆನ್ನುವಷ್ಟು ಕಮ್ಮಿ, ಅದಕ್ಕೇ ಇವಕ್ಕೆ ಇಷ್ಟು ಧೈರ್ಯ. ಕಡಲ ಜೇಡವಂತೂ ನಮ್ಮ ಗೋಡೆ ಜೇಡದ ಲೆಕ್ಕ ಅಲ್ಲ. ಕೆಲವಕ್ಕೆ ಈ ತುದಿಯ ಕಾಲಿನಿಂದ ಆ ತುದಿಯ ಕಾಲಿಗೆ ಅರ್ಧ ಮೀಟರಿಗೂ ಹೆಚ್ಚು.

ಎಣಿಸುವಾಗ ಚಿಕ್ಕಪುಟ್ಟ ತಪ್ಪುಗಳು ಆದವು. ಕೆಸರಿನಲ್ಲಿ ಹೂತ ಬ್ರಿಟಲ್ ಸ್ಟಾರ್‌ನ ತೋಳುಗಳು ಮಾತ್ರ ಹೊರಗಿದ್ದರೆ ಒಂದನ್ನೇ ಮೂರು ಅಂತ ಎಣಿಸಿದ್ದೆ. ನಡುವಿನ ಬಿಲ್ಲೆ ಕಂಡರೆ ಮಾತ್ರ ಒಂದು ಎಂದು ಹೇಳಿಕೊಟ್ಟ ಮೇಲೆ ಸರಿಹೋಯಿತು.

ದೊಡ್ಡ ತಪ್ಪು ಬೇರೆ. ಫೋಟೊಗಳ ಒಂದು ಸಾಲಿನಲ್ಲಿ ಇದ್ದಕ್ಕಿದ್ದಂತೆ ಜೀವಿಗಳೇ ಇಲ್ಲ. ಬರೀ ಕಪ್ಪು ಕೆಸರು. 212 ಫೋಟೊಗಳಿಗೆ ಸಾಲಾಗಿ ಸೊನ್ನೆ ಹಾಕಿದೆ. ಹಾಕಿ ಸುಮ್ಮನಿರಲಿಲ್ಲ. ಸಮುದ್ರದಲ್ಲಿ ತೇಲುವ ಹಿಮಬಂಡೆಗಳ ಬುಡ ತಳಕ್ಕೆ ತಾಗಿ, ನೇಗಿಲು ಹೊಡೆದ ಹಾಗೆ ಎಲ್ಲವನ್ನೂ ಕಿತ್ತು ಹಾಕುತ್ತದೆ ಎಂದು ಓದಿದ್ದೆ. ನೂರಾರು ಮೀಟರ್ ಆಳದಲ್ಲೂ ಇದು ನಡೆಯುತ್ತದೆ. ಷರಾ ಕಾಲಂನಲ್ಲಿ ಗತ್ತಿನಿಂದ ಬರೆದೆ: 'ಹಿಮಬಂಡೆ ಉಜ್ಜಿದ ಜಾಗ.' ಕತೆ ಚೆನ್ನಾಗಿತ್ತು, ಅದೇ ಕಷ್ಟ. ಚೆನ್ನಾಗಿದ್ದ ಕತೆಯನ್ನು ನಾನು ಎರಡನೇ ಸಲ ನೋಡಲೇ ಇಲ್ಲ.

ಪರಿಶೀಲನೆ ಮಾಡುವ ಮೇಡಂ ಅಷ್ಟನ್ನೂ ವಾಪಸ್ ಕಳಿಸಿದರು. ಬೈಗುಳ ಇರಲಿಲ್ಲ. 'ಲೇಸರ್ ಚುಕ್ಕೆಗಳನ್ನು ನೋಡಿ' ಎಂದು ಒಂದೇ ಸಾಲು.

ನೋಡಿದೆ. ಆ ಫೋಟೊಗಳಲ್ಲಿ ಚುಕ್ಕೆಗಳು ಹತ್ತಿರ ಹತ್ತಿರ ಇದ್ದವು. ಅಂದರೆ ಕ್ಯಾಮೆರಾ ತಳದಿಂದ ದೂರ, ಮೇಲೆ ಹೋಗಿತ್ತು. ಅಲೆ ಜೋರಾಗಿ ಹಡಗು ಎದ್ದೆದ್ದು ಬೀಳುತ್ತಿತ್ತು, ಲೈಟು ತಳಕ್ಕೆ ಸರಿಯಾಗಿ ಮುಟ್ಟಿರಲಿಲ್ಲ. ನಾನು ಜೀವ ಇಲ್ಲ ಎಂದಿದ್ದು ಬೆಳಕು ಇಲ್ಲದ ಜಾಗಕ್ಕೆ. ಹಿಮಬಂಡೆ ಉಜ್ಜಿದ್ದರೆ ಉದ್ದಕ್ಕೆ ಗೀರು, ಮಗುಚಿದ ಮಣ್ಣು ಕಾಣಬೇಕಿತ್ತು. ಒಂದೂ ಇರಲಿಲ್ಲ. ಸುಳಿವು ಪ್ರತಿ ಫೋಟೊದಲ್ಲೂ ಮಿನುಗುತ್ತಲೇ ಇತ್ತು, ಅಲ್ವಾ? ಅಳತೆಗೆ ಅಂತ ಅದನ್ನು ಬಳಸುತ್ತಿದ್ದೆ, ನೋಡುತ್ತಿರಲಿಲ್ಲ.

ಆವತ್ತು ಸಂಜೆ ಜಗಳೂರಿನಿಂದ ಮಾವ ಬಂದಿದ್ದರು. ಗ್ರಾಮ ಲೆಕ್ಕಿಗರಾಗಿ ರಿಟೈರ್ ಆದವರು. ನರ್ಗಿಸ್ ಮಂಡಕ್ಕಿ ತಿನ್ನುತ್ತಾ ಸ್ಕ್ರೀನ್ ನೋಡಿದರು. ನನ್ನ ಗೋಳು ಕೇಳಿ ನಗಲಿಲ್ಲ.

'ಬೆಳೆ ಕಟಾವು ಪ್ರಯೋಗ ಅಂತ ಮಾಡ್ತಿದ್ವಲ್ಲೋ ತಮ್ಮಾ. ಯಾವ ಹೊಲ, ಯಾವ ಮೂಲೆ ಅನ್ನೋದು ನಂಬರ್ ಹೇಳ್ತದೆ, ನಮ್ಮಿಷ್ಟ ನಡೆಯಲ್ಲ. ಹಗ್ಗ ಹಿಡಿದು ಅಳೆದು, ಅಷ್ಟು ಮೆಕ್ಕೆಜೋಳ ಕೊಯ್ದು ತೂಗೋದು. ಒಂದ್ಸಲ ಹಳ್ಳ ಬಂದು ಹೊಲಕ್ಕೆ ಹೋಗಕ್ಕೇ ಆಗಲಿಲ್ಲ. ಜೊತೆಗಿದ್ದ ಹುಡುಗ ಸೊನ್ನೆ ಬರೆಯಕ್ಕೆ ಹೋದ. ಪೆನ್ ಕಿತ್ಕೊಂಡೆ. ಸೊನ್ನೆ ಅಂದ್ರೆ ಬೆಳೆ ಹೋಯ್ತು ಅಂತ ಅರ್ಥ ಆಗ್ತದೆ. ಬೆಳೆ ಅಲ್ಲೇ ನಿಂತಿತ್ತು, ಹೋಗದೇ ಇದ್ದೋರು ನಾವು.'

ಸಮುದ್ರದಲ್ಲಿ ಈ ಸೊನ್ನೆ ಇನ್ನೂ ದುಬಾರಿ. 1995ರಲ್ಲಿ ಅಂಟಾರ್ಕ್ಟಿಕಾದ ಲಾರ್ಸನ್ ಎ ಎಂಬ ಹಿಮಚಾಚು, ಅಂದರೆ ನೆಲದಿಂದ ಸಮುದ್ರದ ಮೇಲಕ್ಕೆ ಚಾಚಿ ತೇಲುವ ಹಿಮದ ಹಾಸು, ಒಡೆದುಹೋಯಿತು. ಅದರ ಕೆಳಗಿದ್ದ ತಳವನ್ನು ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗಿನವರು 2007ರಲ್ಲಿ ನೋಡಿದರು, 2011ರಲ್ಲಿ ಮತ್ತೆ ನೋಡಿದರು. ಅಷ್ಟರಲ್ಲಿ ಗಾಜಿನ ಸ್ಪಂಜುಗಳ (ಮೈಯ ಹಂದರ ಗಾಜಿನಂಥದ್ದು, ಅದಕ್ಕೆ ಆ ಹೆಸರು) ಸಂಖ್ಯೆ ಮೂರು ಪಟ್ಟಾಗಿತ್ತು. ಇವು ಬಹಳ ನಿಧಾನ ಬೆಳೆಯುತ್ತವೆ ಎಂದೇ ಅಲ್ಲಿಯವರೆಗೆ ನಂಬಿದ್ದರು. ಮೊದಲ ಸಲ ಎಣಿಸಿದವರು ನನ್ನ ಹಾಗೆ ಕತ್ತಲೆಗೆ ಸೊನ್ನೆ ಹಾಕಿದ್ದರೆ, ಎರಡನೇ ಸಲ ಬೆಳೆದದ್ದು ಸ್ಪಂಜೋ ಬೆಳಕೋ ಹೇಳುವವರು ಯಾರು?

212 ಫೋಟೊಗಳನ್ನು ಮತ್ತೆ ತೆರೆದೆ. ಅದಕ್ಕೆ ಬೇರೆ ದುಡ್ಡು ಕೊಡಲಿಲ್ಲ, ಅದರ ಬಗ್ಗೆ ಸಿಟ್ಟು ಇನ್ನೂ ಇದೆ. ಈ ಸಲ ಮೊದಲು ಚುಕ್ಕೆ, ಆಮೇಲೆ ಬೆಳಕು, ಕೆಸರು ಎದ್ದಿದೆಯಾ ಅಂತ. ಕೊನೆಗೆ ಜೀವಿಗಳು. ತಳ ಸ್ಪಷ್ಟವಾಗಿ ಕಂಡು, ನಿಜವಾಗಿಯೂ ಏನೂ ಇಲ್ಲದ ಫೋಟೊ 31 ಮಾತ್ರ. ಉಳಿದ 181ಕ್ಕೆ 'ನೋಡಲಾಗಲಿಲ್ಲ' ಎಂದು ಬರೆದೆ. ಅಷ್ಟು ಸಲ ಅದನ್ನು ಬರೆಯುವಾಗ ನಾಚಿಕೆಯಾಯಿತು, ಕೆಲಸ ಕದ್ದವನ ಹಾಗೆ. ಮೇಡಂ ಒಪ್ಪಿಕೊಂಡು ಮುಂದಿನ ಕಂತು ಕಳಿಸಿದರು.

ಮಾವ ಈಗ ಫೋನ್ ಮಾಡಿದಾಗೆಲ್ಲ ಮೊದಲು ಕೇಳುವುದು ಕಡಲ ಜೇಡದ ಸುದ್ದಿ. ಮೊನ್ನೆ ಒಂದು ಮಸುಕು ಫೋಟೊದ ಅಂಚಿನಲ್ಲಿ ಉದ್ದ ಕಾಲಿನ ಹಾಗೆ ಏನೋ ಕಂಡಿತು. ಅರ್ಧ ಗಂಟೆ ದಿಟ್ಟಿಸಿದೆ. ಜೇಡವೇ ಇರಬೇಕು ಅನಿಸಿತು. 'ನೋಡಲಾಗಲಿಲ್ಲ' ಎಂದು ಹಾಕಿ ಮುಂದಿನ ಫೋಟೊಗೆ ಹೋದೆ. ಮಾವನಿಗೆ ಮಾತ್ರ ಸಿಕ್ಕಿತು ಎಂದೇ ಹೇಳಿದೆ.