ಡಿಸ್ಕಸ್ ತೊಟ್ಟಿಗೆ ಜೊತೆಗಾರರನ್ನು ಆರಿಸುವಾಗ

ನನ್ನ ಡಿಸ್ಕಸ್ ಮೀನುಗಳ ತೊಟ್ಟಿಯ ಗಾಜಿಗೆ ಅಂಟಿಸಿರುವ ಉಷ್ಣಮಾಪಕ ವರ್ಷವಿಡೀ 29 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆ. ಈ ತೊಟ್ಟಿಗೆ ಯಾವ ಮೀನು ತರಬಹುದು, ಯಾವ ಗಿಡ ನೆಡಬಹುದು ಎಂಬ ಪ್ರಶ್ನೆ ಎದ್ದಾಗಲೆಲ್ಲ ನಾನೀಗ ಮೊದಲು ನೋಡುವುದು ಆ ಅಂಕಿಯನ್ನೇ. ಬಣ್ಣ, ಗಾತ್ರ, ಸ್ವಭಾವಗಳೆಲ್ಲ ಆಮೇಲಿನ ಮಾತು. ಆರಂಭದಲ್ಲಿ ಇದನ್ನು ತಲೆಕೆಳಗಾಗಿ ಮಾಡಿದ್ದೆ. ಕಣ್ಣಿಗೆ ಹಿಡಿಸಿದ ಮೀನನ್ನು ತಂದು, ‘ಡಿಸ್ಕಸ್ ಜೊತೆ ಆರಾಮಾಗಿ ಇರುತ್ತದೆ’ ಎಂದು ಮಾರುವವರು ಹೇಳಿದ್ದನ್ನು ನಂಬಿ, ಮೊದಲ ಎರಡು ವರ್ಷಗಳಲ್ಲಿ ನಾನು ಕಳೆದುಕೊಂಡ ಮೀನುಗಳ ಲೆಕ್ಕ ಬರೆದಿಟ್ಟಿದ್ದರೆ ಒಂದು ಪುಟ ತುಂಬುತ್ತಿತ್ತು.

ಡಿಸ್ಕಸ್ ಅಮೆಜಾನ್ ಜಲಾನಯನ ಪ್ರದೇಶದ ಮೀನು. 1840ರಲ್ಲಿ ಹೆಕೆಲ್ ಎಂಬ ಆಸ್ಟ್ರಿಯಾದ ವಿಜ್ಞಾನಿ ಇದನ್ನು ಮೊದಲು ವಿವರಿಸಿ ಸಿಂಫಿಸೋಡಾನ್ ಎಂಬ ಕುಲದ ಹೆಸರು ಕೊಟ್ಟರು. ಅದು ವಾಸಿಸುವುದು ಹರಿವು ಕಡಿಮೆಯಿರುವ, ಮೆದುವಾದ (ಲವಣಾಂಶ ಕಡಿಮೆಯಿರುವ), ಆಮ್ಲೀಯವಾದ, ಬೆಚ್ಚಗಿನ ನೀರಿನಲ್ಲಿ. ಅಲ್ಲಿಯೂ ಅದು ಆಶ್ರಯ ಪಡೆಯುವುದು ದಡದಿಂದ ಉರುಳಿ ಮುಳುಗಿದ ಮರಗಳ ಕೊಂಬೆ ಮತ್ತು ಬೇರುಗಳ ನಡುವೆ. ತಟ್ಟೆಯಂತೆ ಚಪ್ಪಟೆಯಾದ ಅದರ ಮೈ ನೆಟ್ಟಗೆ ನಿಂತ ಕೊಂಬೆಗಳ ಸಂದಿಯಲ್ಲಿ ನುಸುಳುವುದಕ್ಕೆಂದೇ ರೂಪುಗೊಂಡಂತಿದೆ. ಚಿತ್ರಗಳಲ್ಲಿ ಕಾಣುವ ಹಚ್ಚ ಹಸುರಿನ ಹುಲ್ಲುಗಾವಲಿನಂಥ ತೊಟ್ಟಿಗಳು ಮನುಷ್ಯರ ಕಣ್ಣಿಗೆ ಹಬ್ಬವಷ್ಟೆ, ಡಿಸ್ಕಸ್‌ನ ಹುಟ್ಟೂರಿಗೂ ಅವಕ್ಕೂ ಹೆಚ್ಚಿನ ಸಂಬಂಧವಿಲ್ಲ. ಇದು ಗೊತ್ತಿದ್ದರೆ ಗಿಡಗಳ ವಿಚಾರದಲ್ಲಿ ಅರ್ಧ ಹಟ ತಾನಾಗಿಯೇ ಇಳಿಯುತ್ತದೆ.

ನನ್ನ ಮೊದಲ ತಪ್ಪು ನಿಯಾನ್ ಟೆಟ್ರಾ. ಹದಿನೈದು ಮೀನು ತಂದು ಬಿಟ್ಟೆ. ರೋಗದ ಚಿಹ್ನೆ ಯಾವುದೂ ಇರಲಿಲ್ಲ, ಡಿಸ್ಕಸ್ ಅವನ್ನು ಬೆನ್ನಟ್ಟಿದ್ದನ್ನೂ ನಾನು ಕಾಣಲಿಲ್ಲ. ಆದರೂ ವಾರಕ್ಕೊಂದರಂತೆ ಹೊಟ್ಟೆ ಒಳಸರಿದು, ಬಣ್ಣ ಮಾಸಿ, ಮೂರು ತಿಂಗಳ ಹೊತ್ತಿಗೆ ನಾಲ್ಕೇ ಉಳಿದವು. ನಿಯಾನ್ ತಂಪು ನೀರಿನ ಕಡೆಯದು, 22ರಿಂದ 25 ಡಿಗ್ರಿಯಲ್ಲಿ ಅದು ನೆಮ್ಮದಿಯಾಗಿರುತ್ತದೆ. 29ರಲ್ಲಿ ಕೂಡಲೇ ಸಾಯುವುದಿಲ್ಲ ಎಂಬುದೇ ಇಲ್ಲಿರುವ ಮೋಸ. ನೀರು ಬಿಸಿಯಾದಂತೆ ಮೀನಿನ ದೇಹದ ಕೆಲಸವೆಲ್ಲ ವೇಗವಾಗಿ ನಡೆಯತೊಡಗುತ್ತದೆ, ಉಸಿರು ಹೆಚ್ಚುತ್ತದೆ, ತಿಂದದ್ದು ಮೈಗೆ ಹತ್ತುವ ಮೊದಲೇ ಖರ್ಚಾಗುತ್ತದೆ, ಆಯುಸ್ಸು ಸದ್ದಿಲ್ಲದೆ ಸವೆಯುತ್ತದೆ. ಅದರ ಬದಲಿಗೆ ತರಬೇಕಿದ್ದದ್ದು ಕಾರ್ಡಿನಲ್ ಟೆಟ್ರಾ. ನೋಡಲು ಎರಡೂ ಒಂದೇ ಎನಿಸಿದರೂ ನಿಯಾನ್‌ನ ಕೆಂಪು ಪಟ್ಟೆ ಹೊಟ್ಟೆಯ ನಡುವಿನಿಂದ ಬಾಲದ ಕಡೆಗೆ ಮಾತ್ರ ಇರುತ್ತದೆ, ಕಾರ್ಡಿನಲ್‌ಗೆ ಅದು ತಲೆಯ ಹತ್ತಿರದಿಂದಲೇ ಶುರುವಾಗುತ್ತದೆ. ರಿಯೋ ನೀಗ್ರೋ ನದಿಯ ಕಪ್ಪು ನೀರಿನಲ್ಲಿ ಹೇರಳವಾಗಿರುವ ಕಾರ್ಡಿನಲ್ 28, 29 ಡಿಗ್ರಿಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಒಂದೇ ಎಚ್ಚರಿಕೆಯೆಂದರೆ, ದೊಡ್ಡ ಡಿಸ್ಕಸ್‌ಗಳಿರುವ ತೊಟ್ಟಿಗೆ ಸೂಜಿಯಷ್ಟೇ ಇರುವ ಮರಿ ಕಾರ್ಡಿನಲ್‌ಗಳನ್ನು ಬಿಡಬಾರದು. ಡಿಸ್ಕಸ್ ಸಾಧು ಪ್ರಾಣಿ ನಿಜ, ಆದರೆ ಬಾಯಿಗೆ ಹಿಡಿಯುವ ಗಾತ್ರದ್ದು ಎದುರಿಗೆ ಬಂದರೆ ಅದೂ ಚಿಕ್ಕ ಮೀನುಗಳನ್ನು ನುಂಗುವ ಸಿಕ್ಲಿಡ್ ಕುಟುಂಬದ ಮೀನೇ.

ಟೆಟ್ರಾಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ರಮ್ಮಿನೋಸ್. ಹತ್ತಿಪ್ಪತ್ತು ಮೀನುಗಳು ಒಂದೇ ದಿಕ್ಕಿಗೆ ಮುಖ ಮಾಡಿ, ಒಂದೇ ಕ್ಷಣದಲ್ಲಿ ತಿರುಗುವ ಆ ಶಿಸ್ತು ಬೇರೆ ಟೆಟ್ರಾಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅದರ ಕೆಂಪು ಮೂತಿ ಅಲಂಕಾರ ಮಾತ್ರವಲ್ಲ, ನೀರು ಕೆಟ್ಟಾಗ ಅಥವಾ ಮೀನು ಗಾಬರಿಯಾದಾಗ ಆ ಕೆಂಪು ಪೇಲವವಾಗುತ್ತದೆ. ಒಂದು ಬೆಳಿಗ್ಗೆ ಇಡೀ ಗುಂಪಿನ ಮೂತಿ ತಿಳಿ ಗುಲಾಬಿಯಾಗಿರುವುದನ್ನು ಕಂಡು ಪರೀಕ್ಷಿಸಿದಾಗಲೇ ರಾತ್ರಿ ಫಿಲ್ಟರ್ ನಿಂತುಹೋಗಿದ್ದು ನನಗೆ ತಿಳಿದದ್ದು. ಡಿಸ್ಕಸ್‌ಗಳು ಆಗಿನ್ನೂ ಏನೂ ಆಗಿಲ್ಲವೆಂಬಂತೆ ನಿಂತಿದ್ದವು.

ತಳದ ಮೀನುಗಳಲ್ಲಿಯೂ ಉಷ್ಣತೆಯದೇ ಲೆಕ್ಕ. ಕೋರಿಡೋರಾಸ್ ಎಂದರೆ ಎಲ್ಲವೂ ಒಂದೇ ಎಂದುಕೊಳ್ಳಬಾರದು. ಸಾಮಾನ್ಯವಾಗಿ ಸಿಗುವ, ಮೈಮೇಲೆ ಕಪ್ಪು ಮಚ್ಚೆಗಳಿರುವ ಪೆಪ್ಪರ್ ಕೋರಿ ತಂಪು ನೀರಿನದು, ಡಿಸ್ಕಸ್ ತೊಟ್ಟಿಯಲ್ಲಿ ಅದು ಏದುಸಿರು ಬಿಡುತ್ತಲೇ ಬದುಕಬೇಕಾಗುತ್ತದೆ. ಗ್ವಾಪೊರೆ ನದಿಯ ಕಡೆಯ ಸ್ಟರ್ಬಾಯ್ ಕೋರಿ ಮಾತ್ರ ಈ ಬಿಸಿಗೆ ಹೇಳಿ ಮಾಡಿಸಿದಂತಿದೆ; ಕಂದು ಮೈಮೇಲೆ ಬಿಳಿ ಚುಕ್ಕೆ, ಎದೆಯ ಬದಿಯ ರೆಕ್ಕೆಗಳ ಬುಡದಲ್ಲಿ ಕಿತ್ತಳೆ ಬಣ್ಣ. ಅದಕ್ಕೆ ಚೂಪಿಲ್ಲದ ನಯವಾದ ಮರಳು ಬೇಕು, ಇಲ್ಲದಿದ್ದರೆ ಆಹಾರ ಕೆದಕುವ ಅದರ ಮೀಸೆಗಳು ಸವೆದು ಮೊಂಡಾಗುತ್ತವೆ. ಕೋರಿಗಳು ಆಗಾಗ ಮೇಲಕ್ಕೆ ಚಿಮ್ಮಿ ಒಂದು ಗುಟುಕು ಗಾಳಿ ನುಂಗಿ ಕರುಳಿನಲ್ಲಿ ಅದರ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ಹೀಗೆ ಚಿಮ್ಮುವುದು ಹೆಚ್ಚಾದರೆ ನೀರಿನಲ್ಲಿ ಆಮ್ಲಜನಕ ಸಾಲುತ್ತಿಲ್ಲವೆಂದು ತಿಳಿಯಬೇಕು. ಗಾಳಿಯಿಂದ ತುಂಬಿಕೊಂಡ ಸಿಹಿನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಬಿಸಿಯಲ್ಲಿ ಮೀನುಗಳಿಗೆ ಉಸಿರು ಹೆಚ್ಚು ಬೇಕು, ನೀರಿನಲ್ಲಿರುವುದು ಕಡಿಮೆ. ಹಾಗಾಗಿ ಡಿಸ್ಕಸ್ ತೊಟ್ಟಿಯನ್ನು ಬೇರೆ ತೊಟ್ಟಿಗಳಂತೆ ಕಿಕ್ಕಿರಿಸಲು ಬರುವುದಿಲ್ಲ. ನನ್ನ ಮುನ್ನೂರು ಲೀಟರಿನಲ್ಲಿ ಈಗ ಆರು ಡಿಸ್ಕಸ್, ಇಪ್ಪತ್ತು ಟೆಟ್ರಾ, ಎಂಟು ಸ್ಟರ್ಬಾಯ್ ಇವೆ. ಒಂದು ದೊಡ್ಡ ಡಿಸ್ಕಸ್‌ಗೆ ಐವತ್ತು ಲೀಟರ್ ಎಂಬ ಹಳೆಯ ಲೆಕ್ಕವನ್ನು ಮೀರಲು ನನಗೆ ಧೈರ್ಯವಿಲ್ಲ.

ಇನ್ನು ಪ್ಲೆಕೊ. ಪಾಚಿ ತಿನ್ನುತ್ತದೆಂದು ತಂದ ಸಾಮಾನ್ಯ ಪ್ಲೆಕೊ ಹಗಲೆಲ್ಲ ಕೊರಡಿನ ಕೆಳಗೆ ಸಭ್ಯವಾಗಿ ಕುಳಿತಿರುತ್ತಿತ್ತು. ಕೆಲವು ವಾರಗಳ ನಂತರ ನನ್ನ ದೊಡ್ಡ ಡಿಸ್ಕಸ್‌ನ ಎಡ ಮಗ್ಗುಲಿನಲ್ಲಿ ಬಿಲ್ಲೆಯಾಕಾರದ ಮಾಸಲು ಗುರುತುಗಳು ಕಾಣಿಸಿಕೊಂಡವು. ರೋಗವೆಂದು ತಿಳಿದು ಉಪ್ಪು ಹಾಕಿದೆ, ನೀರು ಬದಲಿಸಿದೆ, ಏನೂ ಪ್ರಯೋಜನವಾಗಲಿಲ್ಲ. ಒಂದು ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಚ್ ಹಾಯಿಸಿದಾಗ, ನಿದ್ದೆಯಲ್ಲಿ ಅಲುಗದೆ ನಿಂತಿದ್ದ ಡಿಸ್ಕಸ್‌ನ ಮೈಗೆ ಪ್ಲೆಕೊ ಗಾಜಿಗೆ ಅಂಟುವಂತೆಯೇ ಬಾಯಿ ಕಚ್ಚಿ ಅಂಟಿಕೊಂಡಿತ್ತು. ಡಿಸ್ಕಸ್‌ನ ಮೈಯ ಲೋಳೆ ಪೌಷ್ಟಿಕವಾದದ್ದು. ಅದರ ಮರಿಗಳು ಈಜಲು ಕಲಿತ ಮೊದಲ ದಿನಗಳಲ್ಲಿ ತಾಯಿ ತಂದೆಯರ ಮೈಗೆ ಮುತ್ತಿಕೊಂಡು ತಿನ್ನುವುದು ಆ ಲೋಳೆಯನ್ನೇ. ಅಗಲವಾದ, ನಿಧಾನವಾದ, ರುಚಿಯಾದ ಇಂಥ ಮೈ ಸಿಕ್ಕಾಗ ಬಿಡಲು ಪ್ಲೆಕೊಗೆ ಕಾರಣವಿಲ್ಲ. ಪ್ಲೆಕೊ ಒಂದು ಅಡಿಯನ್ನೂ ಮೀರಿ ಬೆಳೆಯುತ್ತದೆ ಎಂಬುದು ಬೇರೆ ತಲೆನೋವು. ಅದನ್ನು ತೆಗೆದ ಹದಿನೈದು ದಿನಗಳಲ್ಲಿ ಗುರುತುಗಳು ಮಾಯವಾದವು. ಈಗ ಆ ಜಾಗದಲ್ಲಿ ಮೂತಿಯ ಮೇಲೆ ಗಡ್ಡದಂಥ ಎಳೆಗಳಿರುವ, ಅರ್ಧ ಅಡಿಯೊಳಗೇ ನಿಲ್ಲುವ ಬ್ರಿಸಲ್‌ನೋಸ್ ಒಂದಿದೆ. ಅದರ ಮೇಲೂ ನಾನು ಪೂರ್ತಿ ನಂಬಿಕೆ ಇಟ್ಟಿಲ್ಲ. ಹೊಟ್ಟೆ ಖಾಲಿ ಇರಬಾರದೆಂದು ರಾತ್ರಿ ದೀಪ ಆರಿಸಿದ ಮೇಲೆ ಸೌತೆಕಾಯಿಯ ಒಂದು ಬಿಲ್ಲೆ ಹಾಕುತ್ತೇನೆ.

ಏಂಜಲ್ ಮೀನನ್ನು ಡಿಸ್ಕಸ್ ಜೊತೆ ಇಡಬಹುದೇ ಎಂಬ ವಾದ ಬಹಳ ಹಳೆಯದು. ಎರಡೂ ಅಮೆಜಾನ್‌ನವು, ಎರಡೂ ಸಿಕ್ಲಿಡ್‌ಗಳು, ಎರಡಕ್ಕೂ ಬೆಚ್ಚಗಿನ ನೀರು ಒಗ್ಗುತ್ತದೆ. ನನ್ನ ಉತ್ತರ ಬೇಡ ಎಂದೇ. ಏಂಜಲ್ ತಾನು ಆರೋಗ್ಯವಾಗಿರುವಂತೆ ಕಾಣುತ್ತಲೇ ಡಿಸ್ಕಸ್‌ಗೆ ಮಾರಕವಾಗಬಲ್ಲ ಕರುಳಿನ ಪರಾವಲಂಬಿಗಳನ್ನು ಹೊತ್ತು ತರಬಹುದು. ಅದಕ್ಕಿಂತ ಮುಖ್ಯವಾಗಿ ಅದು ಊಟದಲ್ಲಿ ಚುರುಕು. ಡಿಸ್ಕಸ್ ಹೇಗೆ ತಿನ್ನುತ್ತದೆಂದು ಒಮ್ಮೆ ಹತ್ತಿರ ಕುಳಿತು ನೋಡಬೇಕು: ತುಣುಕಿನ ಮುಂದೆ ನಿಲ್ಲುತ್ತದೆ, ತಲೆ ಓರೆ ಮಾಡಿ ನೋಡುತ್ತದೆ, ಮರಳಿನ ಮೇಲೆ ಬಾಯಿಂದ ನೀರು ಊದಿ ಪುಟ್ಟ ಗುಳಿ ಮಾಡುತ್ತದೆ, ಎದ್ದ ಚೂರನ್ನು ಬಾಯಿಗೆ ಹಾಕಿಕೊಂಡು ಉಗುಳುತ್ತದೆ, ಮತ್ತೆ ಹಾಕಿಕೊಳ್ಳುತ್ತದೆ. ಈ ಪಂಕ್ತಿಯಲ್ಲಿ ಅವಸರದವರನ್ನು ಕೂರಿಸಿದರೆ ಮನೆಯ ಯಜಮಾನನೇ ಉಪವಾಸ. ಟೈಗರ್ ಬಾರ್ಬ್‌ನಂಥ ರೆಕ್ಕೆ ಕಚ್ಚುವ ಮೀನುಗಳ ವಿಚಾರ ಬರೆಯುವ ಅಗತ್ಯವೇ ಇಲ್ಲ. ಬಿಸಿ ನೀರನ್ನೇ ಬಯಸುವ ರಾಮ್ ಸಿಕ್ಲಿಡ್‌ನ ಒಂದು ಜೋಡಿಯನ್ನು ಮಾತ್ರ, ತೊಟ್ಟಿಯ ತಳ ವಿಶಾಲವಾಗಿದ್ದರೆ, ನಾನು ಒಪ್ಪಿಕೊಂಡೇನು.

ಯಾವ ಮೀನೇ ಆಗಲಿ, ಬೇರೊಂದು ತೊಟ್ಟಿಯಲ್ಲಿ ಕನಿಷ್ಠ ನಾಲ್ಕು ವಾರ ಪ್ರತ್ಯೇಕವಾಗಿ ಇಡದೆ ಒಳಗೆ ಬಿಡಬಾರದು. ಆ ತೊಟ್ಟಿಯನ್ನೂ 29 ಡಿಗ್ರಿಯಲ್ಲೇ ಇಟ್ಟರೆ, ಬಿಸಿ ತಾಳದ ಮೀನು ಯಾವುದೆಂಬುದೂ ಅಲ್ಲಿಯೇ ಗೊತ್ತಾಗುತ್ತದೆ.

ಗಿಡಗಳ ವಿಷಯದಲ್ಲಿ ನಾನು ಇನ್ನೂ ಹೆಚ್ಚು ಸೋತಿದ್ದೇನೆ. ತಂಪು ನೀರು, ಪ್ರಖರ ಬೆಳಕು, ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಬೇಡುವ ನೆಲಹಾಸಿನ ಗಿಡಗಳೆಲ್ಲ ಡಿಸ್ಕಸ್‌ಗೆ ಬೇಕಾದದ್ದಕ್ಕೆ ತದ್ವಿರುದ್ಧ. ಡಿಸ್ಕಸ್‌ಗೆ ಮಂದ ಬೆಳಕು ಇಷ್ಟ, ದೀಪ ಜೋರಾದರೆ ಮೂಲೆ ಸೇರುತ್ತದೆ. ಅದಕ್ಕೆ ಹಾಕುವ ಮಾಂಸಾಹಾರದಿಂದ ನೀರಿನಲ್ಲಿ ಗಿಡಕ್ಕೂ ಪಾಚಿಗೂ ಗೊಬ್ಬರವಾಗುವ ನೈಟ್ರೇಟ್ ಬೇಗ ಏರುತ್ತದೆ, ಜೊತೆಗೆ ಬೆಳಕೂ ಹೆಚ್ಚಿದ್ದರೆ ಗಿಡಕ್ಕಿಂತ ಮೊದಲು ಪಾಚಿ ಬೆಳೆಯುತ್ತದೆ. ಹೀಗಾಗಿ ಬಿಸಿ ತಾಳುವ, ಕಡಿಮೆ ಬೆಳಕಿನಲ್ಲಿ ಬದುಕುವ, ತಳದ ಮರಳನ್ನು ಸ್ವಚ್ಛಗೊಳಿಸುವ ಪೈಪಿಗೆ ಅಡ್ಡ ಬಾರದ ಗಿಡಗಳನ್ನಷ್ಟೇ ನೆಚ್ಚಿಕೊಳ್ಳಬೇಕು.

ಅಂಥದ್ದರಲ್ಲಿ ಮೊದಲನೆಯದು ಅನುಬಿಯಾಸ್. ಅದನ್ನು ನೆಡುವುದೇ ಬೇಡ, ಮರದ ಕೊರಡಿಗೆ ದಾರದಿಂದ ಕಟ್ಟಿದರೆ ಸಾಕು. ಅಡ್ಡಕ್ಕೆ ಬೆಳೆಯುವ ಅದರ ದಪ್ಪ ಕಾಂಡವನ್ನು ಮರಳಿನಲ್ಲಿ ಹೂತರೆ ಕೊಳೆತುಹೋಗುತ್ತದೆ. ತಿಂಗಳಿಗೆ ಒಂದೆರಡು ಎಲೆ ಬಿಡುವ ಸೋಮಾರಿ ಗಿಡವಾದ್ದರಿಂದ ಹಳೆಯ ಎಲೆಗಳ ಮೇಲೆ ಪಾಚಿ ಕೂರುತ್ತದೆ, ಅದಕ್ಕಾಗಿ ಕೊರಡಿನ ನೆರಳಿನ ಬದಿಗೆ ಕಟ್ಟುವುದು ಒಳ್ಳೆಯದು. ಎರಡನೆಯದು ಅಮೆಜಾನ್ ಸ್ವೋರ್ಡ್. ಇದು ಬೇರಿನಿಂದ ಉಣ್ಣುವ ಗಿಡ, ಬರೀ ಮರಳಿನಲ್ಲಿ ಇಟ್ಟರೆ ಎಲೆಗಳು ಹಳದಿಯಾಗಿ ತೂತು ಬೀಳುತ್ತವೆ, ಬುಡದಲ್ಲಿ ಗೊಬ್ಬರದ ಗುಳಿಗೆ ಹೂಳಿದರೆ ತಿಂಗಳೊಳಗೆ ಚೇತರಿಸಿಕೊಳ್ಳುತ್ತದೆ. ಮೂರು ಗಿಡ ನೆಟ್ಟು ಆರು ತಿಂಗಳಾಗುವಷ್ಟರಲ್ಲಿ ಡಿಸ್ಕಸ್‌ಗಳಿಗೆ ಈಜಲು ಜಾಗವಿಲ್ಲದಂತಾಗಿ ನಾನು ಎರಡನ್ನು ಕಿತ್ತೆ. ಕ್ರಿಪ್ಟೋಕೊರೈನ್ ವೆಂಡ್ಟಿಯೈ ಕೂಡ ಈ ನೀರಿಗೆ ಒಗ್ಗುತ್ತದೆ, ಆದರೆ ಅದು ಮುನಿಸಿನ ಗಿಡ. ಜಾಗ ಬದಲಾದ ವಾರದಲ್ಲೇ ಎಲೆಗಳೆಲ್ಲ ಕರಗಿ ಲೋಳೆಯಾಗುತ್ತವೆ. ಸತ್ತಿತೆಂದು ನಾನು ಮೊದಲ ಸಲ ಕಿತ್ತೆಸೆದೆ. ಎರಡನೆಯ ಸಲ ಕೊಳೆತ ಎಲೆಗಳನ್ನಷ್ಟೇ ಕತ್ತರಿಸಿ ಸುಮ್ಮನಿದ್ದೆ, ತಿಂಗಳಾಗುವಷ್ಟರಲ್ಲಿ ಬೇರಿನಿಂದ ಹೊಸ ಚಿಗುರು ಬಂತು. ಎಲ್ಲರೂ ಹೊಗಳುವ ಜಾವಾ ಫರ್ನ್ ನನ್ನ ತೊಟ್ಟಿಯಲ್ಲಿ ಕಪ್ಪು ಮಚ್ಚೆ ಬಂದು ಸೊರಗಿತು, ಅದನ್ನು ತಂಪಾದ ಬೇರೊಂದು ತೊಟ್ಟಿಗೆ ವರ್ಗಾಯಿಸಿದ್ದೇನೆ.

ತೇಲುವ ಗಿಡಗಳಿಗೆ ಕೆಳಗಿನ ನೀರಿನಲ್ಲಿ ಇಂಗಾಲದ ಕೊರತೆಯಿದ್ದರೂ ಚಿಂತೆಯಿಲ್ಲ, ಅವು ಅದನ್ನು ಮೇಲಿನ ಗಾಳಿಯಿಂದಲೇ ಪಡೆಯುತ್ತವೆ. ಬೇರುಗಳಿಂದ ನೈಟ್ರೇಟ್ ಹೀರುತ್ತವೆ, ಕೆಳಗಿರುವವರಿಗೆ ನೆರಳೂ ಕೊಡುತ್ತವೆ. ಆದರೆ ನೀರಿನ ಮೇಲ್ಮೈಯನ್ನು ಪೂರ್ತಿ ಮುಚ್ಚಿದರೆ ಗಾಳಿಯಾಟ ತಗ್ಗುವುದರಿಂದ ವಾರಕ್ಕೊಮ್ಮೆ ಅರ್ಧದಷ್ಟು ತೆಗೆದು ಬಿಸಾಡಬೇಕು. ಇದೇ ಕೆಲಸವನ್ನು ಮನಿ ಪ್ಲಾಂಟ್ ಇನ್ನೂ ಸುಲಭವಾಗಿ ಮಾಡುತ್ತದೆ: ಎಲೆಗಳು ಹೊರಗೆ, ಬೇರುಗಳು ಮಾತ್ರ ನೀರಿನಲ್ಲಿ. ಇಳಿಬಿದ್ದ ಆ ಬೇರಿನ ಜಡೆಯ ಹಿಂದೆ ನನ್ನ ಅತ್ಯಂತ ಪುಕ್ಕಲು ಡಿಸ್ಕಸ್ ದಿನದ ಬಹುಪಾಲು ಕಳೆಯುತ್ತದೆ. ಮುಳುಗಿದ ಮರದ ಬೇರುಗಳ ನಡುವೆ ಬಾಳುವ ಅದರ ವಂಶಕ್ಕೆ, ನಾನು ಶ್ರದ್ಧೆಯಿಂದ ನೆಟ್ಟ ಗಿಡಗಳಿಗಿಂತ ಅದೇ ಹತ್ತಿರವೆನಿಸಿರಬೇಕು.

ಮರಿ ಡಿಸ್ಕಸ್ ಸಾಕುವವರಿಗೆ ಮೇಲಿನ ಯಾವುದೂ ಅನ್ವಯಿಸುವುದಿಲ್ಲ. ದಿನಕ್ಕೆ ನಾಲ್ಕೈದು ಬಾರಿ ತಿನ್ನಿಸಿ, ಪದೇ ಪದೇ ನೀರು ಬದಲಿಸಿ ಬೆಳೆಸಬೇಕಾದ ಆ ತಿಂಗಳುಗಳಲ್ಲಿ ಮರಳೂ ಬೇಡ, ಜೊತೆಗಾರರೂ ಬೇಡ. ಹಸುರು ಬೇಕೇ ಬೇಕೆಂದರೆ ಕುಂಡದಲ್ಲಿ ನೆಟ್ಟ ಒಂದು ಗಿಡವಿಟ್ಟು, ತೊಳೆಯುವಾಗ ಅದನ್ನು ಎತ್ತಿ ಬದಿಗಿಡಬಹುದು.

ಹೋದ ತಿಂಗಳು ನನ್ನ ಜೋಡಿಯೊಂದು ಸ್ವೋರ್ಡ್ ಗಿಡದ ನೆಟ್ಟಗಿನ ಎಲೆಯೊಂದನ್ನು ಆರಿಸಿಕೊಂಡು, ಎರಡು ದಿನ ಬಾಯಿಂದ ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡಿ, ಸಂಜೆಯ ಹೊತ್ತು ಸಾಲುಸಾಲಾಗಿ ಮೊಟ್ಟೆಯಿಟ್ಟಿತು. ದೀಪ ಆರುವವರೆಗೂ ಎರಡೂ ಸರದಿಯಂತೆ ರೆಕ್ಕೆ ಬೀಸುತ್ತ ಕಾವಲು ನಿಂತವು. ಬೆಳಿಗ್ಗೆ ನೋಡಿದರೆ ಎಲೆ ಖಾಲಿ, ಕೆಳಗೆ ನನ್ನ ಮೆಚ್ಚಿನ ಸ್ಟರ್ಬಾಯ್‌ಗಳು ತುಂಬಿದ ಹೊಟ್ಟೆಯಲ್ಲಿ ಮರಳಿನ ಮೇಲೆ ಮಲಗಿದ್ದವು. ಈಗ ಆ ಜೋಡಿಗೆಂದು ನೂರು ಲೀಟರಿನ ಬರಿದಾದ ತೊಟ್ಟಿಯೊಂದನ್ನು ತೊಳೆದಿಟ್ಟಿದ್ದೇನೆ. ಅದರಲ್ಲಿ ಸ್ಪಂಜಿನ ಫಿಲ್ಟರ್, ಹೀಟರ್ ಮತ್ತು ಬೋರಲು ಹಾಕಿದ ಒಂದು ಮಣ್ಣಿನ ಕುಂಡ ಬಿಟ್ಟರೆ ಬೇರೇನೂ ಇಲ್ಲ.