ಆಲ್ಟೊಗಳ ಆ ಒಂದು ಸ್ವರವನ್ನು ನಾನೇ ಅಡಗಿಸಿದ್ದೆ

ನಾನು ಲಾಸ್ ಏಂಜಲೀಸ್ ಹತ್ತಿರದ ಒಂದು ಚರ್ಚಿನ ಕಾಯರ್‌ನಲ್ಲಿ, ಅಂದರೆ ಹಾಡುವ ತಂಡದಲ್ಲಿ, ಸಹಾಯಕ ನಿರ್ದೇಶಕಿ. ಒಂದೊಂದು ದನಿಯವರನ್ನು ಬೇರೆ ಕೋಣೆಯಲ್ಲಿ ಕೂರಿಸಿ ಅಭ್ಯಾಸ ಮಾಡಿಸುವುದು, ಪಿಯಾನೊ ನುಡಿಸುವುದು, ಹಾಡಿನ ಪ್ರತಿ ಹಂಚಿ ಹಬ್ಬ ಮುಗಿದ ಮೇಲೆ ವಾಪಸ್ ಪಡೆಯುವುದು, ಇಷ್ಟು ನನ್ನ ಕೆಲಸ. ಮಂಗಳೂರಿನಲ್ಲಿ ಇಗರ್ಜಿಯ ಕಾಯರ್‌ನಲ್ಲೇ ಬೆಳೆದವಳು, ಜೊತೆಗೆ ಕೆಲವು ವರ್ಷ ಕರ್ನಾಟಕ ಸಂಗೀತವನ್ನೂ ಕಲಿತವಳು. ನನ್ನ ಕಿವಿಯ ಮೇಲೆ ನನಗೆ ತುಂಬಾ ನಂಬಿಕೆ ಇತ್ತು. ತಪ್ಪು ಮಾಡಿದ್ದೂ ಆ ನಂಬಿಕೆಯಿಂದಲೇ.

ಆ ವರ್ಷ ಕ್ರಿಸ್‌ಮಸ್‌ಗೆ ಅಮೆರಿಕದ ಸಂಗೀತ ರಚನಕಾರ ಮಾರ್ಟನ್ ಲಾರಿಡ್ಸನ್ ಅವರ 'ಓ ಮ್ಯಾಗ್ನಮ್ ಮಿಸ್ಟೀರಿಯಮ್' ತೆಗೆದುಕೊಂಡಿದ್ದೆವು. 1994ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್ ಮಾಸ್ಟರ್ ಕೊರಾಲ್ ಇದನ್ನು ಮೊದಲ ಸಲ ಹಾಡಿತು, ಪಾಲ್ ಸಲಮುನೊವಿಚ್ ನಡೆಸಿಕೊಟ್ಟರು. ಮಾತುಗಳು ಮಾತ್ರ ಹಳೆಯ ಲ್ಯಾಟಿನ್ ಕ್ರಿಸ್‌ಮಸ್ ಪ್ರಾರ್ಥನೆಯವು: ಗೋದಲಿಯಲ್ಲಿ ಮಲಗಿದ್ದ ದೇವರ ಕಂದನನ್ನು ಮೂಕ ಪ್ರಾಣಿಗಳು ಕಂಡವಲ್ಲ, ಎಂಥ ಅಚ್ಚರಿ ಇದು, ಅವನನ್ನು ಹೊತ್ತ ಕನ್ಯೆ ಧನ್ಯೆ. ಸ್ಪೇನ್‌ನ ಸಂಗೀತ ರಚನಕಾರ ವಿಕ್ಟೋರಿಯಾ ಇದೇ ಮಾತುಗಳಿಗೆ ಮಾಡಿದ ಹಾಡು 1572ರಲ್ಲೇ ಅಚ್ಚಾಗಿದೆ.

ಲಾರಿಡ್ಸನ್ ಅವರದಕ್ಕೆ ವಾದ್ಯ ಇಲ್ಲ, ಬರೀ ದನಿ. ಡಿ ಮೇಜರ್ ಅನ್ನುವ ಸ್ವರಶ್ರೇಣಿ. ಡಿ ಯನ್ನು ಷಡ್ಜ ಅಂತ ಇಟ್ಟುಕೊಂಡರೆ ನಮ್ಮ ಶಂಕರಾಭರಣದ ಸ್ವರಗಳೇ. ನಿಧಾನವಾಗಿ, ತಿಳಿಯಾಗಿ ಹೋಗುತ್ತಾ ಇರುತ್ತದೆ. ಕನ್ಯೆ ಅನ್ನುವ 'ವಿರ್ಗೊ' ಪದ ಬಂದಾಗ ಆಲ್ಟೊಗಳಿಗೆ, ಅಂದರೆ ತಗ್ಗಿನ ದನಿಯ ಹೆಂಗಸರಿಗೆ, ಒಂದು ಜಿ ಶಾರ್ಪ್. ಅಂದರೆ ಶುದ್ಧ ಮಧ್ಯಮ ಇರಬೇಕಾದ ರಾಗದಲ್ಲಿ ಇದ್ದಕ್ಕಿದ್ದ ಹಾಗೆ ಅದಕ್ಕಿಂತ ಅರ್ಧ ಸ್ವರ ಮೇಲಿನ ಪ್ರತಿ ಮಧ್ಯಮ! ಸುತ್ತ ಉಳಿದ ದನಿಗಳೆಲ್ಲ ಹಿತವಾಗಿ ಕೂಡಿಕೊಂಡಿರುವಾಗ ಇದೊಂದು ಮಾತ್ರ ಉಜ್ಜುತ್ತದೆ.

ನಮ್ಮ ಆಲ್ಟೊಗಳಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದಾರೆ. "ಇದು ಅಚ್ಚಿನ ತಪ್ಪಾ?" ಅಂತ ಕೇಳಿದರು. ತಪ್ಪಲ್ಲ, ಆದರೆ ಕಿವಿಗೆ ಚುಚ್ಚುತ್ತದೆ, ಅಲ್ಲಿ ಮೆತ್ತಗೆ ಹಾಡಿ ದಾಟಿಬಿಡಿ ಅಂದೆ. ಎಲ್ಲರೂ ಪೆನ್ಸಿಲ್ ತೆಗೆದು 'ಮೆತ್ತಗೆ' ಅಂತ ಬರೆದುಕೊಂಡರು.

ಎಲ್ಲ ದನಿಗಳೂ ಸೇರಿದ ದಿನ ನಿರ್ದೇಶಕರು ಅಲ್ಲೇ ಕೈ ನಿಲ್ಲಿಸಿದರು. "ಆಲ್ಟೊ, ನಿಮ್ಮ ಸ್ವರ ಎಲ್ಲಿ ಹೋಯಿತು?" ಯಾರೂ ಮಾತಾಡಲಿಲ್ಲ. ಅದು ನಾನು ಹೇಳಿಕೊಟ್ಟದ್ದು ಅಂತ ನಾನೇ ಹೇಳಿದೆ. ಅವರು ಬೈಯಲಿಲ್ಲ. "ಮುಂದಿನ ಅಭ್ಯಾಸದೊಳಗೆ ಒಂದು ಸಲ ಪಸಡೀನಾಕ್ಕೆ ಹೋಗಿ, ಲಾರಿಡ್ಸನ್‌ಗೆ ಈ ಹಾಡಿಗೆ ಪ್ರೇರಣೆಯಾದ ಆ ಚಿತ್ರ ನೋಡಿ ಬನ್ನಿ" ಅಂದರು, ಅಷ್ಟೇ.

ಶನಿವಾರ ಹೋದೆ. ನಾರ್ಟನ್ ಸೈಮನ್ ಮ್ಯೂಸಿಯಂ. ಸ್ಪೇನ್‌ನ ಫ್ರಾನ್ಸಿಸ್ಕೊ ದೆ ಸುರ್ಬರಾನ್ 1633ರಲ್ಲಿ ಬರೆದ ಚಿತ್ರ. ಮಠಗಳಿಗೆ ಸಂತರ, ಸನ್ಯಾಸಿಗಳ ದೊಡ್ಡ ದೊಡ್ಡ ಚಿತ್ರ ಬರೆಯುತ್ತಿದ್ದ ಮನುಷ್ಯ. ಇದರಲ್ಲಿ ಮಾತ್ರ ಸಂತರೂ ಇಲ್ಲ, ಮೇರಿಯೂ ಇಲ್ಲ, ಮಗುವೂ ಇಲ್ಲ. ಒಂದು ಮೇಜು. ಎಡಕ್ಕೆ ತಟ್ಟೆಯಲ್ಲಿ ಮಾದಳದ ಹಣ್ಣು, ನಡುವೆ ಬುಟ್ಟಿಯಲ್ಲಿ ಕಿತ್ತಳೆ, ಅದರ ಮೇಲೆ ಎಲೆ, ಹೂವು. ಬಲಕ್ಕೆ ಇನ್ನೊಂದು ತಟ್ಟೆಯಲ್ಲಿ ಒಂದು ಬಟ್ಟಲು ನೀರು, ಪಕ್ಕದಲ್ಲಿ ಮಲಗಿಸಿಟ್ಟ ಒಂದೇ ಒಂದು ಗುಲಾಬಿ. ಹಿಂದೆಲ್ಲ ಕಗ್ಗತ್ತಲು. ಸುಮ್ನೆ ಹಣ್ಣು ಹೂವು ಅಂತ ನಾನು ಎರಡು ನಿಮಿಷದಲ್ಲಿ ಮುಂದೆ ಹೋಗುತ್ತಿದ್ದೆನೇನೋ, ಆದರೆ ಅವನ್ನು ಜೋಡಿಸಿಟ್ಟ ರೀತಿ ನೋಡಿದರೆ ಪೀಠದ ಮುಂದೆ ಯಾರೋ ಕಾಣಿಕೆ ಇಟ್ಟು ಈಗತಾನೆ ಎದ್ದು ಹೋದ ಹಾಗಿದೆ, ಕಾಲು ಕೀಳಲು ಆಗುವುದಿಲ್ಲ. ಆ ಕಾಲದ ಭಕ್ತರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಳ್ಳಿಲ್ಲದ ಗುಲಾಬಿ ಅಂದರೆ ಮೇರಿ, ತಿಳಿನೀರು ಅಂದರೆ ಅವಳ ನಿರ್ಮಲತೆ. ಮೂರು ಗುಂಪು ನೋಡಿದರೆ ತಂದೆ, ಮಗ, ಪವಿತ್ರಾತ್ಮ ಅನ್ನುವ ತ್ರಿತ್ವ ನೆನಪಾಗುತ್ತದೆ.

ಲಾರಿಡ್ಸನ್ ಈ ಚಿತ್ರದ ಬಗ್ಗೆ ತಾವೇ ಬರೆದಿದ್ದಾರೆ. ಈ ಮೌನವನ್ನೇ ಹಾಡಿನಲ್ಲಿ ತರಬೇಕು ಅಂತ ಜಟಿಲವಾದದ್ದನ್ನೆಲ್ಲ ಬಿಟ್ಟು ಸರಳವಾದ ಸ್ವರಮೇಳ ಇಟ್ಟುಕೊಂಡರು. ಅವರಿಗೆ ಜಾಸ್ತಿ ಕಷ್ಟ ಆದದ್ದು ಮೇರಿಯ ಸಾಲು. ಹೆತ್ತ ಸಂತೋಷದ ಜೊತೆ, ಮುಂದೆ ಮಗನನ್ನು ಕಳೆದುಕೊಳ್ಳುವ ಸಂಕಟವೂ ಅಲ್ಲಿ ಇರಬೇಕಿತ್ತು. ಅದಕ್ಕೆ ಅವರು ಇಟ್ಟದ್ದು ಒಂದೇ ಸ್ವರ. ಇಡೀ ಹಾಡಿನಲ್ಲಿ ಡಿ ಮೇಜರ್‌ಗೆ ಹೊರಗಿನ ಸ್ವರ ಅದೊಂದೇ.

ಅದನ್ನೇ ನಾನು ಮೆತ್ತಗೆ ಮಾಡಿಸಿದ್ದೆ. ಆ ಗುಲಾಬಿಯ ಮೇಲೆ ಬಟ್ಟೆ ಹೊದಿಸಿದ ಹಾಗೆ. ಚಿತ್ರದ ಮುಂದೆ ನಿಂತಾಗ ಇದು ಹೊಳೆದು ನಿಜವಾಗಿ ನೋವಾಯಿತು, ಯಾಕೆಂದರೆ ಆ ಹನ್ನೊಂದು ಹೆಂಗಸರು ನನ್ನ ಮಾತು ನಂಬಿ ಹಾಡಿದ್ದರು.

ಅಲ್ಲಿಂದ ನನ್ನ ಕೆಲಸದ ರೀತಿ ಬದಲಾಯಿತು. ಈಗ ಯಾವ ಸ್ವರ ಚುಚ್ಚಿದರೂ ಅದನ್ನು ತಿದ್ದುವ ಮೊದಲು ಬರೆದವರು ಏನನ್ನು ನೋಡಿ ಬರೆದರು ಅಂತ ಹುಡುಕುತ್ತೇನೆ. ಆ ವಾರ ಚಿತ್ರದ ಮುದ್ರಿತ ಪ್ರತಿಯೊಂದನ್ನು ತಂದು ಪಿಯಾನೊ ಮೇಲೆ ಇಟ್ಟೆ. ಐದು ನಿಮಿಷ ಯಾರೂ ಹಾಡಲಿಲ್ಲ, ನೋಡಿದರು. ಆಮೇಲೆ ಉಳಿದ ದನಿಗಳ ಸ್ವರಗಳನ್ನು ಪಿಯಾನೊದಲ್ಲಿ ಹಿಡಿದುಕೊಂಡು ಆಲ್ಟೊಗಳಿಗೆ ಆ ಸ್ವರ ಒಂದನ್ನೇ ಹಾಡಿಸಿದೆ, ಮತ್ತೆ ಮತ್ತೆ. ಜೋರಾಗಿ ಅಲ್ಲ. ಇಂಥ ಸ್ವರಕ್ಕೆ ಇಟಾಲಿಯನ್‌ನಲ್ಲಿ ಅಪೊಜಿಯಾತೂರ ಅನ್ನುತ್ತಾರೆ, ಒರಗುವುದು ಅನ್ನುವ ಮಾತಿನಿಂದ ಬಂದದ್ದು. ದಣಿದವರು ಗೋಡೆಗೆ ಒರಗುವ ಹಾಗೆ ಅದರ ಮೇಲೆ ಭಾರ ಬಿಡಿ ಅಂದೆ. ನಾಲ್ಕನೇ ಸಲಕ್ಕೆ ಬಂತು. ಆ ನರ್ಸಮ್ಮ ಕಣ್ಣು ಒರೆಸಿಕೊಂಡರು, ನಾನು ಏನೂ ಕೇಳಲಿಲ್ಲ.

ಜನವರಿಯಲ್ಲಿ ಪ್ರತಿಗಳು ವಾಪಸ್ ಬಂದವು. ಪೆನ್ಸಿಲ್ ಗುರುತು ಅಳಿಸಿ ಕಪಾಟಿಗೆ ಸೇರಿಸುವುದೂ ನನ್ನ ಪಾಲಿನ ಕೆಲಸವೇ. ನರ್ಸಮ್ಮನ ಪ್ರತಿಯಲ್ಲಿ 'ಮೆತ್ತಗೆ' ಅನ್ನುವುದನ್ನು ಅವರೇ ಹೊಡೆದು ಹಾಕಿ ಪಕ್ಕದಲ್ಲಿ 'ಒರಗು' ಅಂತ ಬರೆದಿದ್ದರು. ಬೇರೆಲ್ಲ ಅಳಿಸಿದೆ, ಅದನ್ನು ಹಾಗೇ ಬಿಟ್ಟೆ.